ಜೋಲಿ ಹರಿಯುವವರೆಗೆ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳಿಗೆ ರದ್ದಕ್ಕ ಎಂಬ ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ, ಹೊಸದಾಗಿ ಸೇರಿದ ನರ್ಸುಗಳು ಅದೇ ಅವಳ ನಿಜವಾದ ಹೆಸರೆಂದು ತಿಳಿದು ಗೌರವದಿಂದ "ರದ್ದಕ್ಕನವರೇ" ಎನ್ನುತ್ತಿದ್ದರು. ಅವಳೂ ತಿದ್ದಲು ಹೋಗಿರಲಿಲ್ಲ. ಹೆಸರು ಬಂದದ್ದು ಕೆಲಸದಿಂದ. ಒಗೆದು ಒಣಗಿಸಿ ಬಂದ ಹಾಸುಬಟ್ಟೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯಬೇಕು, ಎರಡೂ ಹೆಬ್ಬೆರಳು ಊರಿ ಅಡ್ಡಕ್ಕೆ ಎಳೆದು ನೋಡಬೇಕು, ಸವೆದಿದೆ ಎನ್ನಿಸಿದರೆ ಮೂಲೆಗೆ 'ರದ್ದು' ಎಂಬ ಕಪ್ಪು ಮುದ್ರೆ ಒತ್ತಿ ಬುಟ್ಟಿಗೆ ಎಸೆಯಬೇಕು. ಬೇರೆಯವರು ಈ ಕೆಲಸವನ್ನು ಹಿಂದೆ ಮುಂದೆ ನೋಡುತ್ತಾ ಮಾಡುತ್ತಿದ್ದರು. ರದ್ದಕ್ಕ ಯಾವತ್ತೂ ಹಿಂದೆ ಮುಂದೆ ನೋಡಿದವಳಲ್ಲ.

"ಅಕ್ಕಾ, ಇದು ಇನ್ನೊಂದೆರಡು ತಿಂಗಳು ಬರುತ್ತಲ್ಲ, ಬಿಡಿ" ಎಂದು ವಾರ್ಡಿನ ಹುಡುಗಿಯರು ಗೋಗರೆದರೆ, "ಟ್ರಾಲಿಯಿಂದ ಮಂಚಕ್ಕೆ ಎತ್ತುವಾಗ ಇದು ಹರಿದು ರೋಗಿ ಕೆಳಗೆ ಬಿದ್ರೆ ನೀನು ಹೋಗಿ ಹಿಡ್ಕೋತೀಯಾ?" ಎಂದು ಅವರ ಕಣ್ಣೆದುರೇ ಬಟ್ಟೆಯನ್ನು ಚರ್ರನೆ ಎರಡು ಮಾಡುತ್ತಿದ್ದಳು. ಹುಡುಗಿಯರು ಬಾಯಿ ಮುಚ್ಚಿಕೊಂಡು ಹೊಸದನ್ನು ಹೊತ್ತುಕೊಂಡು ಹೋಗುತ್ತಿದ್ದರು. ಹರಿದ ಮೇಲೆ ಅಳುವುದಲ್ಲ, ಹರಿಯುವ ಮುಂಚೆ ತೆಗೆಯುವುದೇ ತನ್ನ ಸಂಬಳಕ್ಕೆ ಕಾರಣ ಎಂದು ಅವಳು ಹೇಳುತ್ತಿದ್ದಳು. ಹೇಳುವುದೇನು, ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಇಂಥ ಹೆಂಗಸಿನ ಮನೆಯಲ್ಲೇ, ಅಟ್ಟದ ಮೇಲಿನ ಚೀಲದಲ್ಲಿ, ಎಂದೋ ರದ್ದಾಗಬೇಕಿದ್ದ ಒಂದು ಬಟ್ಟೆ ಇತ್ತು.

ಅದು ಹಸಿರು ನೈಲಾನ್ ಜೋಲಿ. ಕಾಡಿನಲ್ಲಿ ಎರಡು ಮರಗಳ ನಡುವೆ ಕಟ್ಟಿ ಮಲಗುವಂಥದ್ದು. ಅಂಗಡಿಯವನು ಹ್ಯಾಮಕ್ ಎಂದಿದ್ದ. ಮನೆಗೆ ಬಂದ ಮೇಲೆ ಅದು ಜೋಲಿಯೇ ಆಯಿತು. ಮಗಳ ಮದುವೆ ಮುಗಿಸಿ ಮನೆ ಖಾಲಿಯೆನಿಸಿದ ವರ್ಷ, ಆಸ್ಪತ್ರೆಯ ಮೂವರು ಗೆಳತಿಯರ ಜೊತೆ ಊರಾಚೆಯ ಕೆರೆಯಂಚಿನ ಕಾಡಿಗೆ ಹೋಗಿ ಬಯಲಲ್ಲಿ ಮಲಗಿ ಬರುವುದೆಂದು ಅವಳು ತೀರ್ಮಾನಿಸಿ, ಯಾರನ್ನೂ ಕೇಳದೆ ಅದನ್ನು ಕೊಂಡು ತಂದಿದ್ದಳು. ತಂದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು.

ಮನೆಯಲ್ಲಿ ಇದ್ದದ್ದು ಅವಳನ್ನು ಬಿಟ್ಟರೆ ಇಬ್ಬರೇ. ಒಬ್ಬ ಗಂಡ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಸಾಧು ಮನುಷ್ಯ. ಆದರೆ ಜೀವಮಾನವಿಡೀ ಹತ್ತಿದವರನ್ನೆಲ್ಲ "ಎಲ್ಲಿವರೆಗೆ?" ಎಂದು ಕೇಳಿ ಕೇಳಿ, ಮನೆಯಲ್ಲೂ ಅದೇ ಚಾಳಿ ಉಳಿದಿತ್ತು. ಇನ್ನೊಬ್ಬರು ಅವನ ಅಕ್ಕ, ಅಂದರೆ ಇವಳ ಅತ್ತಿಗೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು, ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಗಳ ಜಾಗ ಬದಲಾಯಿಸಿದವರು. ಮಾತು ಕೊಟ್ಟರೆ ಮುಗಿಯಿತು ಎನ್ನುವುದು ಅವರ ಒಂದೇ ಸಿದ್ಧಾಂತ. ಆ ಮಾತು ಕೊಟ್ಟದ್ದು ಬೇರೆಯವರಾಗಿದ್ದರೆ ಸಿದ್ಧಾಂತ ಇನ್ನೂ ಗಟ್ಟಿ.

"ಈ ವಯಸ್ಸಲ್ಲಿ ಮರಕ್ಕೆ ಜೋತು ಬೀಳೋಕೆ ಹೋಗ್ತೀಯಾ?" ಎಂದು ಅತ್ತಿಗೆ ಅಂದು ಕೇಳಿದ್ದರು.

"ಎಲ್ಲಿವರೆಗೆ ಇದು? ಪ್ರತಿ ವರ್ಷಾನಾ?" ಎಂದು ಗಂಡ ಕೇಳಿದ್ದ.

ಹೇಗಾದರೂ ಅವರ ಬಾಯಿ ಮುಚ್ಚಿಸಿದರೆ ಸಾಕೆಂದು ರದ್ದಕ್ಕ, "ಈ ಜೋಲಿ ಹರಿಯೋವರೆಗೆ ಹೋಗ್ತೀನಿ. ಹರಿದ ಮೇಲೆ ಹೋಗಲ್ಲ, ಸರೀನಾ? ಮಾತು ಕೊಟ್ಟೆ" ಎಂದುಬಿಟ್ಟಳು. ಅರ್ಧ ತಮಾಷೆಗೆ ಅಂದದ್ದು. ಹೊಚ್ಚ ಹೊಸ ಜೋಲಿ, ಅದು ಹರಿಯುವುದು ಯಾವ ಕಾಲಕ್ಕೋ ಎಂಬ ಭಂಡ ಧೈರ್ಯ ಬೇರೆ. ಆದರೆ ಅತ್ತಿಗೆ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಆವತ್ತಿನಿಂದ ಅದು ಮನೆಯ ಕಾನೂನಾಯಿತು. ಪ್ರತಿ ವರ್ಷ ಹೊರಡುವ ಮುಂಚೆ ಜೋಲಿಯನ್ನು ನಡುಮನೆಯಲ್ಲಿ, ಕಿಟಕಿಯ ಸರಳಿಗೂ ಮೆಟ್ಟಿಲ ಪಕ್ಕದ ಕಂಬಕ್ಕೂ ಕಟ್ಟಬೇಕು, ರದ್ದಕ್ಕ ಅವರಿಬ್ಬರ ಎದುರು ಅದರಲ್ಲಿ ಮಲಗಿ ತೋರಿಸಬೇಕು. ಹರಿಯದಿದ್ದರೆ ಹೊರಡಬಹುದು. ಬೇರೆ ಮನೆಗಳಲ್ಲಿ ಇಂಥ ಪರೀಕ್ಷೆ ಇರುತ್ತದೋ ಇಲ್ಲವೋ, ಈ ಮನೆಯಲ್ಲಿ ಇತ್ತು.

ಮಗಳು ಫೋನಿನಲ್ಲಿ ನಗುತ್ತಿದ್ದಳು. "ಅಮ್ಮಾ, ಎರಡು ರಾತ್ರಿ ಬಯಲಲ್ಲಿ ಮಲಗೋಕೆ ಇಷ್ಟೆಲ್ಲ ಸರ್ಕಸ್ಸಾ?"

ಸರ್ಕಸ್ಸೇ ಸರಿ. ಆದರೆ ಆ ಎರಡು ರಾತ್ರಿಗಾಗಿ ರದ್ದಕ್ಕ ಇನ್ನೂ ದೊಡ್ಡ ಸರ್ಕಸ್ಸು ಮಾಡಲು ತಯಾರಿದ್ದಳು. ಹುಟ್ಟಿದ ಮನೆಯಲ್ಲಿ ತಂಗಿಯರ ನಡುವೆ ಮಲಗಿದ್ದಳು, ಮದುವೆಯಾದ ಮೇಲೆ ಗಂಡನ ಪಕ್ಕ, ಆಮೇಲೆ ಮಗಳ ಕೆಮ್ಮಿಗೆ ಒಂದು ಕಿವಿ, ಅತ್ತೆಯ ನರಳಿಕೆಗೆ ಇನ್ನೊಂದು ಕಿವಿ ಕೊಟ್ಟು ಮಲಗಿದ್ದಳು. ಪೂರ್ತಿ ಕಿವಿ ಮುಚ್ಚಿ ಮಲಗಿದ್ದು ಎಂದೂ ಇಲ್ಲ. ಜೋಲಿಯಲ್ಲಿ ಒಬ್ಬರಿಗೇ ಜಾಗ. ಪಕ್ಕದಲ್ಲಿ ಯಾರೂ ಇರುವ ಹಾಗಿಲ್ಲ, ಎದ್ದು ಏನಾದರೂ ಕೊಡು ಎಂದು ಯಾರೂ ಕೇಳುವ ಹಾಗಿಲ್ಲ. ಬಟ್ಟೆ ಎರಡೂ ಕಡೆಯಿಂದ ಮೈಯನ್ನು ಅಪ್ಪಿಕೊಂಡು, ಮೇಲೆ ಎಲೆಗಳ ನಡುವೆ ಆಕಾಶ ಚೂರುಚೂರಾಗಿ ಕಾಣುವಾಗ, ಅವಳಿಗೆ ತಾನು ಯಾರ ಸೊತ್ತೂ ಅಲ್ಲ ಅನ್ನಿಸುತ್ತಿತ್ತು. ಇದನ್ನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತಿಗೆ, "ಹಾಗಾದ್ರೆ ಮನೇಲಿ ನಿನಗೇನು ಕಡಿಮೆಯಾಗಿದೆ?" ಎಂದು ಕೇಳುವುದು ಗ್ಯಾರಂಟಿ.

ಹಾಗಾಗಿ ಆ ಜೋಲಿಯನ್ನು ಅವಳು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದಳು. ಕಾಪಾಡಿದ್ದೇ ಎಡವಟ್ಟಾಯಿತು.

ಆಸ್ಪತ್ರೆಯಲ್ಲಿ ಬಟ್ಟೆ ಚೊಕ್ಕವಾಗಿ ಉಳಿಯಬೇಕೆಂದರೆ ಏನು ಮಾಡುತ್ತಾರೆ? ಬಿಸಿನೀರಲ್ಲಿ ಬ್ಲೀಚಿಂಗ್ ಪುಡಿ ಹಾಕಿ ನೆನೆಸುತ್ತಾರೆ, ತಿಕ್ಕುತ್ತಾರೆ, ಸುಡುಬಿಸಿಲಲ್ಲಿ ಹರವುತ್ತಾರೆ. ರದ್ದಕ್ಕನೂ ಅದನ್ನೇ ಮಾಡಿದಳು. ಕಾಡಿನಿಂದ ಬಂದ ಮರುದಿನವೇ ಜೋಲಿಗೆ ಬ್ಲೀಚಿಂಗ್ ಪುಡಿಯ ಸ್ನಾನ. ಆಮೇಲೆ ತಾರಸಿಯ ಹಗ್ಗದ ಮೇಲೆ ಬೇಸಿಗೆ ಪೂರ್ತಿ ಬಿಸಿಲು, ಬೂಷ್ಟು ಹಿಡಿಯಬಾರದಲ್ಲ! ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ ಎಂದು ಅಂಚಿಗೆ ಒಂದು ಚೀಟಿ ಹೊಲಿದಿದ್ದರು. ಕುತ್ತಿಗೆಗೆ ಚುಚ್ಚುತ್ತದೆಂದು ಅದನ್ನು ಅವಳು ಮೊದಲ ವರ್ಷವೇ ಕತ್ತರಿಸಿ ಎಸೆದಿದ್ದಳು. ದಿನವಿಡೀ ಬಟ್ಟೆ ನೋಡುವ ತನಗೆ ಒಂದು ಚೀಟಿ ಬಂದು ಪಾಠ ಹೇಳಬೇಕೇ ಎಂಬ ಗತ್ತು. ಅವಳು ಬಲ್ಲದ್ದು ಹತ್ತಿ ಬಟ್ಟೆಯನ್ನು. ಹತ್ತಿ ತೆಳ್ಳಗಾಗಿ, ಬೆಳಕು ಬಿಟ್ಟು, ನಾನು ಹೊರಟೆ ಎಂದು ಮೊದಲೇ ಹೇಳಿ ಹರಿಯುತ್ತದೆ. ನೈಲಾನ್ ಹಾಗಲ್ಲ. ಬಿಸಿಲು ತಿಂದು ತಿಂದು ಒಳಗೊಳಗೇ ಸಾಯುತ್ತದೆ, ಮೇಲೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ.

ಕಳೆದ ವರ್ಷ ಕಾಡಿನಲ್ಲಿ, ಬೆಳಗಾಗುವ ಹೊತ್ತಿಗೆ, ಅವಳು ಮಗ್ಗುಲು ಬದಲಿಸಿದಾಗ ತಲೆಯ ಕಡೆಯಿಂದ ಟಪ್ ಎಂಬ ಸದ್ದು ಬಂದಿತ್ತು. ಉಸಿರು ಬಿಗಿಹಿಡಿದು, ಗೆಳತಿಯರು ಎದ್ದು ಟೀ ಕಾಯಿಸುವವರೆಗೂ ಅಲುಗಾಡದೆ ಬಿದ್ದಿದ್ದಳು. ಇಳಿದು ನೋಡಿದರೆ, ಬಟ್ಟೆಯ ತುದಿ ನೆರಿಗೆಯಾಗಿ ಹಗ್ಗಕ್ಕೆ ಸೇರುವ ಕಡೆ ಬೆರಳಗಲದ ಬಿರುಕು. ಉಗುರಿನಿಂದ ಗೀರಿದರೆ ಬಿಳಿಯ ಪುಡಿ ಉದುರಿತು. ಕೈಯಲ್ಲಿ ಹಿಸುಕಿದರೆ ಬಟ್ಟೆಯ ಸದ್ದು ಬರಲಿಲ್ಲ, ಕಾಗದದ ಸದ್ದು ಬಂತು. ಮರಕ್ಕೆ ಸುತ್ತುವ ಪಟ್ಟಿಯ ಅಂಚೂ ನಾರುನಾರಾಗಿತ್ತು. ಇದು ಹಾಸುಬಟ್ಟೆಯಾಗಿದ್ದರೆ ಮುದ್ರೆ ಒತ್ತಲು ಒಂದು ಕ್ಷಣವೂ ಬೇಕಿರಲಿಲ್ಲ. ಆದರೆ ಮುದ್ರೆ ಒತ್ತಿದರೆ ಕಾಡೂ ರದ್ದು. ರದ್ದಕ್ಕ ಜೋಲಿಯನ್ನು ಮಡಿಸಿ ಚೀಲಕ್ಕೆ ತುರುಕಿ, ಬಾಯಿಗೆ ಬೀಗ ಹಾಕಿಕೊಂಡಳು.

ಮನೆಗೆ ಬಂದು ಹಳೆಯ ಕೊಡೆಯ ಹಸಿರು ಬಟ್ಟೆ ಕತ್ತರಿಸಿ ಬಿರುಕಿಗೆ ತೇಪೆ ಹಾಕಿದಳು. ಸೂಜಿ ಚುಚ್ಚಿದಲ್ಲೆಲ್ಲ ಹೊಸ ತೂತು ಬಿತ್ತು. ತೂತು ಮುಚ್ಚಲು ಮತ್ತೊಂದು ತೇಪೆ. ಈ ವರ್ಷ ಹೊರಡುವ ದಿನ ಹತ್ತಿರ ಬಂದಾಗ ಜೋಲಿಯ ತಲೆಯ ಕಡೆ ಜೋಲಿಗಿಂತ ಕೊಡೆಯೇ ಹೆಚ್ಚಾಗಿತ್ತು.

ಇದನ್ನು ಮೊದಲು ಕಂಡುಹಿಡಿದವಳು ಗೆಳತಿ ಸೈರನ್. ಆಂಬುಲೆನ್ಸ್ ಓಡಿಸುವವಳು, ಗಾಡಿಯ ಸದ್ದಿಗಿಂತ ಗಂಟಲು ಜೋರು, ಅದಕ್ಕೇ ಆ ಹೆಸರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಟ್ಟೆ ಕೋಣೆಗೆ ಬಂದವಳು, ಕಪಾಟಿನ ಮರೆಯಲ್ಲಿ ಕೂತು ತೇಪೆ ಹೊಲಿಯುತ್ತಿದ್ದ ರದ್ದಕ್ಕನ ಕೈಯಿಂದ ಜೋಲಿ ಕಿತ್ತುಕೊಂಡು ಕಿಟಕಿಗೆ ಹಿಡಿದಳು.

"ಅಯ್ಯೋ, ಇದೇನಿದು! ನಿನ್ನ ಕೈಯಲ್ಲಿ ಮುದ್ರೆ ಇಲ್ವಾ? ಎಲ್ಲರ ಬಟ್ಟೆ ಹರೀತೀಯಾ, ನಿನ್ನದಕ್ಕೆ ಕುರುಡಾ?"

"ಮೆತ್ತಗೆ ಮಾತಾಡು."

"ಮೆತ್ತಗೆ ಮಾತಾಡೋಕೆ ನನಗೆ ಬರಲ್ಲ. ಇದರಲ್ಲಿ ಮಲಗಿದ್ರೆ ವಾಪಸ್ ನನ್ನ ಗಾಡೀಲೇ ಬರ್ತೀಯಾ, ಹಿಂದುಗಡೆ ಮಲಗ್ಕೊಂಡು."

"ಈ ಸಲ ತುಂಬಾ ತಗ್ಗಲ್ಲಿ ಕಟ್ತೀನಿ. ಕೆಳಗೆ ಎಲೆ ಗುಡ್ಡೆ ಹಾಕ್ತೀನಿ. ಬಿದ್ರೂ ಏನಾಗಲ್ಲ."

ಸೈರನ್ ಹಣೆ ಚಚ್ಚಿಕೊಂಡಳು. ಆಮೇಲೆ ಅಪರೂಪಕ್ಕೆ ದನಿ ತಗ್ಗಿಸಿ, "ಇದೇ ಬಣ್ಣದ್ದು ಅಂಗಡೀಲಿ ಸಿಗುತ್ತೆ. ನಾಳೇನೇ ತಂದುಕೊಡ್ತೀನಿ. ಒಂದೆರಡು ಸಲ ಮಣ್ಣಲ್ಲಿ ಹೊರಳಾಡಿಸಿದ್ರೆ ಹಳೇದರ ಹಾಗೇ ಕಾಣುತ್ತೆ. ನಿಮ್ಮನೇಲಿ ಯಾರಿಗೆ ಗೊತ್ತಾಗುತ್ತೆ?" ಎಂದಳು.

ರದ್ದಕ್ಕ ಸೂಜಿ ಕೆಳಗಿಟ್ಟಳು. ಆಸೆಯಾಗಲಿಲ್ಲವೆಂದರೆ ಸುಳ್ಳು. "ಬೇಡ. ಕದ್ದು ಹೋಗೋದಾಗಿದ್ರೆ ಇಷ್ಟು ವರ್ಷ ಎಲ್ಲರೆದುರು ಯಾಕೆ ಮಲಗಿ ತೋರಿಸ್ತಿದ್ದೆ? ಇದ್ರೆ ಇದರಲ್ಲೇ ಹೋಗ್ತೀನಿ" ಎಂದಳು. ಕೊಡೆಯ ಬಟ್ಟೆ ಹಚ್ಚುವುದು ರಿಪೇರಿ, ಹೊಸದನ್ನು ಹಳೆಯದೆಂದು ತೋರಿಸುವುದು ಮೋಸ, ಇದು ಅವಳ ಲೆಕ್ಕ. ಲೆಕ್ಕ ಪೂರ್ತಿ ತಾಳೆಯಾಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಸೈರನ್ ಬೈಯುತ್ತಲೇ ಎದ್ದು ಹೋದಳು.

ಪರೀಕ್ಷೆಯ ದಿನ ಬಂತು. ರಜೆಯ ಬೆಳಿಗ್ಗೆ, ನಡುಮನೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ರದ್ದಕ್ಕ ಜೋಲಿ ಕಟ್ಟಿದಳು. ತೇಪೆಯ ತುದಿ ಕಿಟಕಿಯ ಕಡೆ ಬರುವಂತೆ, ಪರದೆಯ ಮರೆಯಲ್ಲಿ. ಕೆಳಗೆ ಬರೀ ಕಲ್ಲುನೆಲ. ಮಲಗುವ ಉಪಾಯವನ್ನು ಅವಳು ಮೊದಲೇ ಯೋಚಿಸಿಟ್ಟಿದ್ದಳು. ಕಂಬ ಹಿಡಿದು ಮೆಲ್ಲಗೆ ಕೂರಬೇಕು, ಮೈಯ ಭಾರವನ್ನೆಲ್ಲ ಗಟ್ಟಿಯಿರುವ ಕಾಲಿನ ಕಡೆಗೆ ಹಾಕಬೇಕು, ಉಸಿರನ್ನೂ ಅಳೆದು ಬಿಡಬೇಕು, ಅತ್ತಿಗೆ ಹೂಂ ಎನ್ನುವಷ್ಟರಲ್ಲಿ ಇಳಿದುಬಿಡಬೇಕು. ಸೆರಗು ಸಿಕ್ಕಿಸಿಕೊಂಡು ಕಂಬದತ್ತ ಕೈ ಚಾಚಿದಳು.

"ತಡಿ" ಎಂದರು ಅತ್ತಿಗೆ. ಅವರು ಹೊಸ ಕನ್ನಡಕ ಹಾಕಿಸಿಕೊಂಡಿದ್ದರು. "ಈ ಸಲ ನೀನು ಬೇಡ. ಗಾಜಿನ ಮೇಲೆ ನಡೆಯೋಳ ಹಾಗೆ ಹೆಜ್ಜೆ ಇಡ್ತಿದೀಯಾ, ನನಗೆ ಕಾಣ್ತಿದೆ. ಇವನು ಮಲಗಲಿ."

"ನಾನಾ?" ಎಂದ ಗಂಡ.

"ನೀನೇ. ಗಟ್ಟಿಯಾಗಿದೆ ಅಂತಾಳಲ್ಲ, ನಿನ್ನ ಭಾರಾನೂ ತಡೀಲಿ."

ರದ್ದಕ್ಕ ಅಡ್ಡ ಬಂದಳು. "ಅವರ್ಯಾಕೆ ಅತ್ತಿಗೆ? ಸೊಂಟದ ಆಪರೇಷನ್ ಆಗಿರೋ ಮನುಷ್ಯ."

"ಮಲಗೋಕೆ ಹೇಳಿದ್ದು, ಕುಣಿಯೋಕಲ್ಲ."

ಓಡುವ ಬಸ್ಸಿನಲ್ಲಿ ನಿಂತು ನಿಂತೇ ಸವೆದ ಸೊಂಟದ ಕೀಲನ್ನು ತೆಗೆಸಿ, ಎರಡು ವರ್ಷದ ಹಿಂದೆ ಅವಳದೇ ಆಸ್ಪತ್ರೆಯಲ್ಲಿ ಹೊಸದನ್ನು ಹಾಕಿಸಿದ್ದರು. ಅವನು ಕೋಲು ಗೋಡೆಗೊರಗಿಸಿ, ನಗುತ್ತಾ, ಜೋಲಿಗೆ ಬೆನ್ನು ಮಾಡಿ ನಿಂತ. "ಇಷ್ಟು ವರ್ಷ ಇವಳು ಇದರಲ್ಲಿ ಏನು ಸುಖ ಕಂಡ್ಲು ಅಂತ ನಾನೂ ನೋಡೇ ಬಿಡ್ತೀನಿ" ಎಂದು ಎರಡೂ ಕೈಯಿಂದ ಬಟ್ಟೆಯ ಅಂಚು ಹಿಡಿದು ಮೊಣಕಾಲು ಬಗ್ಗಿಸಿದ. ಅವನ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಹೆಂಡತಿ ಗಟ್ಟಿಯಿದೆ ಎಂದಿದ್ದಾಳೆ, ಅಂದಮೇಲೆ ಗಟ್ಟಿಯಿದೆ, ಅಷ್ಟೇ.

ಜೋಲಿ ಅವನ ಭಾರ ತಡೆದರೂ ತಡೆಯಬಹುದಿತ್ತು. ಕೊಡೆಯ ಬಟ್ಟೆ ಅಷ್ಟು ಹೊತ್ತು ಮಾನ ಉಳಿಸಲೂಬಹುದಿತ್ತು. ಆ ಒಂದು ಗಳಿಗೆ ರದ್ದಕ್ಕ ಅದನ್ನೂ ಯೋಚಿಸಿದಳು ಎಂಬುದನ್ನು ಮುಚ್ಚಿಡುವುದೇಕೆ? ಯೋಚಿಸಿ, ಮರುಕ್ಷಣವೇ "ಕೂರಬೇಡ್ರೀ!" ಎಂದು ಕಿರುಚಿದಳು. ಮುನ್ನುಗ್ಗಿ ಅವನ ರಟ್ಟೆ ಹಿಡಿದು ಎಳೆದು ಕುರ್ಚಿಗೆ ಕೆಡವಿದಳು.

ಆಮೇಲೆ ಕಿಟಕಿಯ ಪರದೆ ಸರಿಸಿದಳು. ತೇಪೆಯನ್ನು ಕಿತ್ತಳು. ಬಿಸಿಲಿಗೆ ಹಿಡಿದು, ಎರಡೂ ಹೆಬ್ಬೆರಳು ಊರಿ, ಅಡ್ಡಕ್ಕೆ ಎಳೆದಳು. ಹೆಚ್ಚು ಬಲವೂ ಬೇಕಾಗಲಿಲ್ಲ. ಬಿರುಕು ಚರ್ರನೆ ತಲೆಯಿಂದ ನಡುವಿನವರೆಗೂ ಓಡಿತು.

"ರದ್ದು" ಎಂದಳು.

ಮೊದಲು ಬಾಯಿ ಬಿಟ್ಟವರು ಅತ್ತಿಗೆಯೇ. "ನೋಡಿದ್ಯಾ, ನಾನು ಹೇಳಲಿಲ್ವಾ? ಸರಿ, ಮುಗೀತಲ್ಲ. ಹರಿಯೋವರೆಗೆ ಅಂತ ನೀನೇ ಅಂದಿದ್ದು. ಹರೀತು."

ಗಂಡ ಇನ್ನೂ ಮೊಣಕೈ ಉಜ್ಜಿಕೊಳ್ಳುತ್ತಿದ್ದ. "ಇದು ಹೀಗಾಗಿರೋದು ನಿನಗೆ ಯಾವಾಗಿಂದ ಗೊತ್ತು?"

"ಹೋದ ವರ್ಷದಿಂದ."

"ಗೊತ್ತಿದ್ದೂ ಇದರಲ್ಲೇ ಮಲಗೋಕೆ ಹೊರಟಿದ್ಯಾ? ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿತ್ತು. ನಿಮಗೆ ಕೊಟ್ಟ ಮಾತು ಉಳಿಸ್ಕೋಬೇಕು ಅಂತ ಕೆಟ್ಟಿತ್ತು." ರದ್ದಕ್ಕ ಕಿತ್ತ ತೇಪೆಯನ್ನು ಮುದುರಿ ನೆಲಕ್ಕೆಸೆದಳು. ನಾಚಿಕೆಗೆ ಸ್ವಲ್ಪ, ಉಳಿದದ್ದೆಲ್ಲ ಸಿಟ್ಟಿಗೆ. "ಮಾತು ಉಳೀಬೇಕಾದ್ರೆ ಜೋಲಿ ಉಳೀಬೇಕಿತ್ತು. ಅದು ಉಳಿದಿದೆ ಅಂತ ತೋರಿಸೋಕೆ ಹೋಗಿ ನಾನು ಬೆನ್ನು ಮುರ್ಕೋಬೇಕಿತ್ತು. ಈಗ ನಿಮ್ಮ ಸೊಂಟಾನೂ ಮುರೀತಿದ್ದೆ. ಸಾಕು. ಆ ಮಾತನ್ನ ವಾಪಸ್ ತಗೋತಿದೀನಿ. ಹೊಸ ಜೋಲಿ ತರ್ತೀನಿ. ಈ ವರ್ಷಾನೂ ಹೋಗ್ತೀನಿ."

"ಕೊಟ್ಟ ಮಾತಿಗೆ ತಪ್ತೀಯಾ?" ಅತ್ತಿಗೆಯ ಕಣ್ಣು ಕನ್ನಡಕದೊಳಗೆ ಇನ್ನೂ ದೊಡ್ಡದಾಯಿತು. "ಕೇಳಿದವರು ಏನಂತಾರೆ?"

"ತಪ್ಪಿದಳು ಅಂತಾರೆ. ನಿಜ ತಾನೇ? ಅನ್ನಲಿ."

"ಎಲ್ಲಾದ್ರೂ ಉಂಟಾ? ಹರಿದ ಮೇಲೆ ಬಿಟ್ಟುಬಿಡ್ತೀನಿ ಅಂದವಳು ನೀನು."

ರದ್ದಕ್ಕ ಗೋಡೆಗೊರಗಿಸಿದ್ದ ಕೋಲನ್ನು ಎತ್ತಿಕೊಂಡು ಬಂದು ಗಂಡನ ಕೈಗೆ ಕೊಟ್ಟಳು. "ಇವರ ಸೊಂಟದ ಕೀಲು ಸವೆದಾಗ ಏನು ಮಾಡಿದ್ವಿ ಅತ್ತಿಗೆ? ಹೊಸದು ಹಾಕಿಸಿದ್ವಿ. ಕೀಲು ಸವೀತು, ಇನ್ನು ನಡೆಯೋದು ಬಿಟ್ಟುಬಿಡಪ್ಪಾ ಅಂತ ಯಾರಾದ್ರೂ ಅಂದ್ರಾ? ನೀವು ಅಂದ್ರಾ? ಕನ್ನಡಕ ಹಳೇದಾಯ್ತು ಅಂತ ನೀವು ನೋಡೋದು ಬಿಟ್ರಾ? ಸವೆದಿದ್ದು ಬಟ್ಟೆ. ನಾನಲ್ಲ."

ಅತ್ತಿಗೆ ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಗಂಡ ಹರಿದ ಜೋಲಿಯ ಕಡೆ ತಿರುಗಿದ. ತಾನು ಕೂರಲು ಹೊರಟಿದ್ದ ಜಾಗ ಈಗ ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು. ಅಭ್ಯಾಸ ಬಲದಿಂದ, "ಹೊಸದು ಎಲ್ಲಿವರೆಗೆ ಬರುತ್ತೆ?" ಎಂದ.

"ನೆರಳಲ್ಲಿ ಒಣಗಿಸಿದ್ರೆ ಬಹಳ ದಿನ ಬರುತ್ತೆ. ಹರಿಯೋ ಮುಂಚೆ ನಾನೇ ತೆಗೆದು ಇನ್ನೊಂದು ತರ್ತೀನಿ. ಆಮೇಲೆ ಮತ್ತೊಂದು. ನಾನು ಎಲ್ಲಿವರೆಗೆ ಅಂತ ಮಾತ್ರ ಕೇಳಬೇಡಿ. ಈ ಸಲ ಹೇಳಲ್ಲ."

ಅವನು ಕೇಳಲಿಲ್ಲ. ಕೋಲೂರಿ ಎದ್ದು, ಕಿಟಕಿಯ ಸರಳಿಗೆ ಬಿಗಿದಿದ್ದ ಗಂಟನ್ನು ಬಿಚ್ಚತೊಡಗಿದ.

ಅದೇ ಸಂಜೆ ಅವಳು ಅಂಗಡಿಗೆ ಹೋದಳು. ಹಸಿರು ಬಣ್ಣದ್ದೂ ಇತ್ತು. ಬೇಕೆಂದೇ ಅದನ್ನು ಬಿಟ್ಟು, ಬೀದಿಯ ಆ ತುದಿಯಿಂದ ನೋಡಿದರೂ ಹೊಸದೆಂದು ಗೊತ್ತಾಗುವ ಕೆಂಪು ಜೋಲಿ ತೆಗೆದುಕೊಂಡಳು. ಚೀಲದಲ್ಲಿ ಹಾಕಿಸಿಕೊಳ್ಳದೆ ಹೆಗಲ ಮೇಲೆ ಹಾಕಿಕೊಂಡು ನಡೆದು ಬಂದಳು. ಅಕ್ಕಪಕ್ಕದವರು ಏನದು ಎಂದು ಕೇಳಿದರು. ಜೋಲಿ, ಕಾಡಿಗೆ ಹೋಗೋಕೆ ಎಂದು ಎಲ್ಲರಿಗೂ ಹೇಳಿದಳು.

ಮನೆಗೆ ಬಂದು ನಡುಮನೆಯಲ್ಲೇ ಕಟ್ಟಿದಳು. ಪರೀಕ್ಷೆಗಲ್ಲ, ನೋಡಲು ಯಾರನ್ನೂ ಕರೆಯಲಿಲ್ಲ. ಕಂಬ ಹಿಡಿಯದೆ, ಭಾರ ಅಳೆಯದೆ, ಧೊಪ್ಪೆಂದು ಒಳಗೆ ಬಿದ್ದು ಕಾಲು ಚಾಚಿದಳು. ಹೊಸ ಬಟ್ಟೆ ಒಮ್ಮೆ ಜಗ್ಗಿ, ಗಟ್ಟಿಯಾಗಿ ಹಿಡಿದುಕೊಂಡಿತು. ವರ್ಷದ ಮೇಲೆ ಮೊದಲ ಬಾರಿಗೆ ಅವಳು ಪೂರ್ತಿ ಉಸಿರು ಬಿಟ್ಟಳು. ಗಂಡ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದವನು ಕಾಲು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟ.

"ಏ, ಹಾಲು ಉಕ್ತಾ ಇದೆ!" ಎಂದು ಒಳಕೋಣೆಯಿಂದ ಅತ್ತಿಗೆ ಕೂಗಿದರು. "ಕೇಳಿಸ್ತಾ? ಹಾಲು!"

ರದ್ದಕ್ಕ ಕಣ್ಣು ತೆರೆಯಲಿಲ್ಲ.

"ಕೇಳಿಸ್ತು ಅತ್ತಿಗೆ" ಎಂದಳು. "ನಾನು ಮಲಗಿದೀನಿ. ನೀವೇ ಎದ್ದು ಆರಿಸಿ."